ಕಾಲು ಮಡಚಿ ಕೂರುವ ಸಾವ್ಕಾರರಿಗೊಂದು ಕಯಾಕ್

ಆ ಕೆಲಸ ನನಗೆ ಸಿಕ್ಕಿದ್ದು ಕೈಗುಣದಿಂದಲ್ಲ, ಮೈತೂಕದಿಂದ.

ಬೀಳಗಿಯಲ್ಲಿ ನನ್ನ ಹೆಂಡತಿಯ ತಮ್ಮ ಬಲೆಯ ಅಂಗಡಿ ಇಟ್ಟಿದ್ದಾನೆ. ಬಲೆ, ಗಾಳ, ನೈಲಾನ್ ದಾರ, ಹಗ್ಗ, ಪಂಪಿನ ಪೈಪು ಮಾರುತ್ತಾನೆ. ಅಣೆಕಟ್ಟಿನ ಹಿನ್ನೀರಿನಲ್ಲಿ ತೆಪ್ಪ ಹಾಕುವ ಮೀನುಗಾರರೇ ಅವನ ಹಳೆಯ ಗಿರಾಕಿಗಳು. ಈಚೆಗೆ ರವಿವಾರ ಬಂತೆಂದರೆ ಬಾಗಲಕೋಟೆ, ಮುಧೋಳ, ಜಮಖಂಡಿ ಕಡೆಯಿಂದ ಬರೀ ಹವ್ಯಾಸಕ್ಕೆ ಗಾಳ ಹಾಕುವವರು ಬರತೊಡಗಿದ್ದರು. ಅವರಿಗೆ ಕಯಾಕ್ ಮಾರಬೇಕೆಂಬ ಹುಕಿ ಇವನಿಗೆ ಹುಟ್ಟಿತು. ಕಯಾಕ್ ಎಂದರೆ ಒಬ್ಬರೇ ಕೂತು, ಎರಡೂ ತುದಿಗೆ ಅಗಲ ಹಲಗೆಯಿರುವ ಒಂದೇ ಹುಟ್ಟಿನಿಂದ ನಡೆಸುವ ಉದ್ದನೆಯ ದೋಣಿ. ಬಂದವರಲ್ಲಿ ಹೆಚ್ಚಿನವರು ಹೊಟ್ಟೆ ಬಂದವರು. ಅವರನ್ನು ಹೊರುತ್ತದೋ ಇಲ್ಲವೋ ಎಂದು ನೋಡಲು ಒಂದು ದೊಡ್ಡ ಮೈ ಬೇಕಿತ್ತು.

"ಮಾಮಾ, ನೀವು ಕುಂತು ತೇಲಿತಂದ್ರ ಜಿಲ್ಲಾದಾಗ ಯಾರು ಕುಂತ್ರೂ ತೇಲತೈತಿ" ಅಂದ. ಅವನು ತಮಾಷೆಗೆ ಅಂದದ್ದು. ನಾನು ಆಯಿತು ಅಂದೆ. ಆಗ ನನಗೆ ಯಾರು ಏನು ಅಂದರೂ ಆಯಿತು ಅನ್ನುವುದೇ ಸುಲಭವಾಗಿತ್ತು.

ನಾನು ರಬಕವಿಯ ಕೈಮಗ್ಗದವನು. ನಮ್ಮದು ತೆಗ್ಗಿನ ಮಗ್ಗ. ಮನೆಯ ನೆಲದಲ್ಲೇ ತೆಗ್ಗು ತೋಡಿರುತ್ತಾರೆ, ನೇಯುವವನು ದಂಡೆಯ ಮೇಲೆ ಕೂತು ಕಾಲನ್ನು ತೆಗ್ಗಿಗೆ ಇಳಿಬಿಡುತ್ತಾನೆ. ಕೆಳಗೆ ತುಳಿಯುವ ಹಲಗೆಗಳು. ಬಲಗಾಲು ತುಳಿದರೆ ಅರ್ಧ ಎಳೆ ಮೇಲೆದ್ದು ಲಾಳಿ ಈಚೆಗೆ ಬರುತ್ತದೆ, ಎಡಗಾಲು ತುಳಿದರೆ ಉಳಿದರ್ಧ ಎದ್ದು ಲಾಳಿ ಆಚೆಗೆ ಹೋಗುತ್ತದೆ. ಮೀಸೆ ಮೂಡುವ ಮೊದಲೇ ಕೂತವನು ಕೂದಲು ನೆರೆಯುವವರೆಗೆ ಅದನ್ನೇ ಮಾಡಿದೆ. ಹೆಂಡತಿ ಒಳಗಿನ ಪಡಸಾಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗ್ಗದ ಸದ್ದು ನಿಂತರೆ ಸಾಕು, ಅಲ್ಲಿಂದಲೇ ಕೇಳುತ್ತಿದ್ದಳು: "ಯಾಕ, ಎಳಿ ಹರೀತೇನು?" ಹರಿದಿದ್ದರೆ ಹೂಂ ಅನ್ನುತ್ತಿದ್ದೆ. ಇಲ್ಲದಿದ್ದರೆ, "ಇಲ್ಲ, ಸುಮ್ಮ ಕುಂತೇನಿ." ದಿನದಲ್ಲಿ ಎಷ್ಟೋ ಸಲ ಇದೇ ಮಾತು. ಒಮ್ಮೊಮ್ಮೆ ನನಗೆ ಕಿರಿಕಿರಿಯೂ ಆಗುತ್ತಿತ್ತು.

ಅವಳು ಮಳೆಗಾಲಕ್ಕೆ ಮುಂಚೆ ತೀರಿಕೊಂಡಳು. ನಾನು ಅಳಲಿಲ್ಲ. ಬಂದ ಮಂದಿ ಗಟ್ಟಿ ಮನುಷ್ಯ ಅಂದರು. ಗಟ್ಟಿಯೂ ಅಲ್ಲ, ಏನೂ ಅಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಗೊತ್ತಾಗುವುದಿಲ್ಲ, ಹಾಗೆ ಇತ್ತು ಒಳಗೆಲ್ಲ. ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ಬಿಟ್ಟು, ಮನೆಗೆ ಕೀಲಿ ಹಾಕಿಸಿ, ಅವಳ ತಮ್ಮ ನನ್ನನ್ನು ಬೀಳಗಿಗೆ ಕರೆದುಕೊಂಡು ಬಂದಿದ್ದ. ಅಂಗಡಿಯಲ್ಲಿ ಬಲೆ ಮಡಚುತ್ತಿದ್ದೆ. ಊಟಕ್ಕೆ ಕರೆದರೆ ಉಣ್ಣುತ್ತಿದ್ದೆ.

ಮೊದಲ ಗಿರಾಕಿ ಮುಧೋಳದ ಒಬ್ಬ ಬೆಲ್ಲದ ವ್ಯಾಪಾರಿ. ನಾವು ಸಾವ್ಕಾರರು ಎಂದೇ ಕರೆಯುತ್ತಿದ್ದೆವು. ಅವರು ಮೀನು ತಿನ್ನುವವರಲ್ಲ. ಹಿಡಿದದ್ದನ್ನು ಗಾಳದಿಂದ ಬಿಡಿಸಿ, ನೀರಿಗೆ ಬಿಟ್ಟು, ಕೈ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು. ದಂಡೆಯ ಮೇಲೆ ಕೂತರೆ ಅಡತಿ ದಲಾಲರ ಫೋನು ಬಿಡುವುದಿಲ್ಲ, ನೀರಿನ ನಡುವೆ ಯಾರೂ ಬರುವುದಿಲ್ಲವೆಂಬುದು ಅವರ ಲೆಕ್ಕ. ತೂಕ ಕೇಳಿದರೆ ನಾಚಿಕೊಳ್ಳಲಿಲ್ಲ. "ಹನ್ನೆರಡೂವರಿ ಪೆಂಟಿ" ಅಂದರು. ಬೆಲ್ಲದ ಪೆಂಟೆ ಎಂದರೆ ಹತ್ತು ಕಿಲೋದ ಗಟ್ಟಿ. ನಾನೂ ಅರ್ಧ ಪೆಂಟೆ ಹೆಚ್ಚುಕಡಿಮೆ ಅಷ್ಟೇ. ಎಳೆಯ ವಯಸ್ಸಿನಲ್ಲಿ ಬಾವಿಯಲ್ಲಿ ಈಜಿದ್ದರಂತೆ, ಈಗ ಬರೀ ತೇಲಲು ಬರುತ್ತದೆ ಅಂದರು. ನನ್ನ ಹೆಂಡತಿಯ ತಮ್ಮ ನನ್ನ ಕಡೆ ತೋರಿಸಿ, ಇವರು ಕೂತು ನೋಡಿ ಸೈ ಅಂದರೆ ಮಾತ್ರ ನಿಮಗೆ ಕೊಡುತ್ತೇನೆ ಅಂದ. ಸಾವ್ಕಾರರು ನನ್ನ ಹೊಟ್ಟೆ ನೋಡಿ ಒಪ್ಪಿದರು.

ಗೋವಾ ಕಡೆಯ ಏಜೆಂಟನೊಬ್ಬ ನೋಡಲೆಂದು ಮೂರು ಕಯಾಕ್ ಕಳಿಸಿದ. ಒಂದು ಗಾಳಿ ತುಂಬುವಂಥದ್ದು. ಅಗಲವಾಗಿತ್ತು, ಕೂತರೆ ಗಾದಿಯ ಮೇಲೆ ಕೂತ ಹಾಗಿತ್ತು. ಆದರೆ ನಮ್ಮ ಹಿನ್ನೀರಿನ ತಳ ಎಂದರೆ ಮುಳುಗಿದ ಹೊಲಗಳು, ಹೊಲದ ಬದುವಿನ ಜಾಲಿ ಗಿಡಗಳು. ನೀರು ಇಳಿದಾಗ ತಲೆ ಕಾಣುತ್ತವೆ, ಏರಿದಾಗ ಮುಳ್ಳು ಒಂದು ಗೇಣು ಕೆಳಗೆ ಕಾದಿರುತ್ತದೆ. ನಾನು ದಂಡೆಯಿಂದ ಸ್ವಲ್ಪ ದೂರ ಹೋಗಿದ್ದೆ, ತೊಡೆಯ ಕೆಳಗೆ ಸುಯ್ ಎಂದಿತು. ಒಂದು ಬದಿ ಮೆತ್ತಗಾಗುತ್ತ ಬಂತು. ಈಜಿ ದಂಡೆಗೆ ಬಂದೆ. ಗಾಬರಿಯಾಯಿತೇ ಎಂದು ನನ್ನ ಹೆಂಡತಿಯ ತಮ್ಮ ಕೇಳಿದ. ಇಲ್ಲವೆಂದೆ. ಅದು ಖರೇನೇ ಆಗಿತ್ತು.

ಎರಡನೆಯದು ಗಟ್ಟಿ ಪ್ಲಾಸ್ಟಿಕ್ಕಿನದು, ಉದ್ದ, ತುಸು ಸಪೂರ, ನೋಡಲು ಚಂದ. ಅದರ ಮೇಲೆ ಅಲ್ಯುಮಿನಿಯಂ ಚೌಕಟ್ಟಿನ ಎತ್ತರದ ಕುರ್ಚಿ. ಎತ್ತರ ಕೂತರೆ ಗಾಳ ದೂರ ಬೀಳುತ್ತದೆ, ಸೊಂಟ ನೋಯುವುದಿಲ್ಲವೆಂದು ಏಜೆಂಟ ಫೋನಿನಲ್ಲಿ ಹೇಳಿದ. ಹೊರುವ ತೂಕ ಬದಿಯ ಚೀಟಿಯಲ್ಲಿ ಅಚ್ಚಾಗಿತ್ತು, ಸಾವ್ಕಾರರಿಗಿಂತ ಎಷ್ಟೋ ಹೆಚ್ಚು. ನಾನು ಕೂತು ಒಂದು ದೊಡ್ಡ ಸುತ್ತು ಹಾಕಿ ಬಂದೆ. ಅಲ್ಲಾಡಿತು, ಆದರೆ ಮಗುಚಲಿಲ್ಲ. ಹೆಂಗೈತಿ ಎಂದರೆ ಛಲೋ ಐತಿ ಅಂದೆ. ಮೂರನೆಯದು ಗಿಡ್ಡ, ಬಹಳ ಅಗಲ. ಅದು ಹೆಂಗಸರು ಮಕ್ಕಳು ಕೆರೆಯಲ್ಲಿ ಆಡಲು ಎಂದು ಏಜೆಂಟ ಹೇಳಿದ್ದರಿಂದ ಕಟ್ಟಿದ ಗೋಣಿಯನ್ನೂ ಬಿಚ್ಚಲಿಲ್ಲ.

ಸಾವ್ಕಾರರು ಒಂದು ಮಾತು ಕೇಳಿಕೊಂಡಿದ್ದರು. ಮೊದಲ ಸಲ ಹಿನ್ನೀರಿಗೆ ಬೇಡ, ಮಂದಿ ನೋಡಿ ನಗುತ್ತಾರೆ. ಮುಧೋಳದ ಹತ್ತಿರ ಅವರ ಬೀಗರ ಕಬ್ಬಿನ ಹೊಲದಲ್ಲಿ ಕೃಷಿ ಹೊಂಡವಿದೆ, ಅಲ್ಲಿ ಅಲೆಯಿಲ್ಲ, ಮುಳ್ಳಿಲ್ಲ, ಸುತ್ತ ತಂತಿ ಬೇಲಿ. ನಮಗೂ ಸರಿ ಅನ್ನಿಸಿತು. ನೀರಿಗೆ ಇಳಿದ ಮೇಲೆ ಚಳಿಯೇನು ಮಳೆಯೇನು ಅನ್ನುತ್ತಾರೆ, ಎಲ್ಲಿ ಇಳಿಯಬೇಕು ಎಂಬುದನ್ನು ನಾವು ಯೋಚಿಸಲಿಲ್ಲ. ನಮ್ಮ ಕಡೆ ಹೊಂಡದ ತಳಕ್ಕೂ ಬದಿಗೂ ನೀರು ಇಂಗದಂತೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಅದರ ಮೇಲೆ ಪಾಚಿ ಕಟ್ಟಿದರೆ ಬೆಕ್ಕಿಗೂ ಹತ್ತಿ ಬರಲು ಆಗುವುದಿಲ್ಲ. ನಿಂತ ನೀರು ಎಂಬುದೊಂದನ್ನೇ ನೋಡಿದೆವು.

ತೇಲುಜಾಕೀಟು ಅವರ ಎದೆಗೆ ಸಾಲಲಿಲ್ಲ, ಬಕಲ್ ಕೂಡಲಿಲ್ಲ. ಅಂಗಿಯ ಮೇಲಿನ ಕೋಟಿನ ಹಾಗೆ ತೆರೆದೇ ಹಾಕಿಕೊಂಡರು. ನಾವಿಬ್ಬರೂ ಹಿಡಿದು ಕುರ್ಚಿಯಲ್ಲಿ ಕೂರಿಸಿದೆವು, ಮೆಲ್ಲಗೆ ನೂಕಿದೆವು. ಹೊಂಡದ ನಡುವಿಗೆ ಹೋಗುವ ತನಕ ಎಲ್ಲ ಸರಿಯಿತ್ತು. ಅವರ ಮುಖದಲ್ಲಿ ನಗೆ ಮೂಡಿತ್ತು. ಆಮೇಲೆ ಅವರು ಹುಟ್ಟನ್ನು ತೊಡೆಯ ಮೇಲಿಟ್ಟು, ಮೈ ಸಡಿಲ ಬಿಟ್ಟು, ಒಂದು ಕಾಲನ್ನು ಮೇಲೆ ಎಳೆದುಕೊಂಡರು. ಇನ್ನೊಂದನ್ನೂ ಎಳೆದುಕೊಳ್ಳುತ್ತಿದ್ದರು. ಅಂಗಡಿಯ ಗಾದಿಯ ಮೇಲೆ ಇಡೀ ಜನ್ಮ ಚಕ್ಕಳಬಕ್ಕಳ ಹಾಕಿ ಕೂತ ಮನುಷ್ಯನಿಗೆ ಸಮಾಧಾನವಾದೊಡನೆ ಕಾಲು ತಾನೇ ಮಡಚಿಕೊಂಡಿತು. ಕಯಾಕ್ ಬದಿಗೆ ಒರಗಿ, ಅವರನ್ನು ಕೆಳಗೆ ಹಾಕಿ, ಬೋರಲಾಯಿತು.

ಜಾಕೀಟು ಕಿವಿಯವರೆಗೆ ಏರಿ ಅವರ ಮುಖವನ್ನೇ ಮುಚ್ಚಿತು. ನಾನು ಇಳಿದೆ. ಇಳಿಯುವುದೇನು, ಜಾರಿದೆ. ಅವರನ್ನು ಹಿಂದಿನಿಂದ ಹಿಡಿದು ಬದಿಗೆ ತಂದೆ. ಅಲ್ಲಿ ಶುರುವಾಯಿತು ನಿಜವಾದ ಕಷ್ಟ. ಅವರು ಪ್ಲಾಸ್ಟಿಕ್ಕಿನ ಮೇಲೆ ಕೈಯೂರುತ್ತಾರೆ, ಜಾರಿ ನೀರಿಗೇ ಬರುತ್ತಾರೆ. ನಾನು ಕೆಳಗಿನಿಂದ ನೂಕಿದರೆ ಇಬ್ಬರೂ ಜಾರುತ್ತೇವೆ. ಉಗುರಿಗೆ ಹಿಡಿಯಲು ಏನೂ ಇಲ್ಲ. ಅವರ ಉಸಿರು ಸಣ್ಣಗಾಗುತ್ತ ಬಂತು. ನನಗೆ ನೆನಪಿರುವುದು ಇಷ್ಟು: ಪ್ಲಾಸ್ಟಿಕ್ಕಿನ ಬಣ್ಣ ನೀಲಿ, ನಾನು ಬಿಟ್ಟು ಬಂದ ಸೀರೆಯ ಒಡಲಿನದೂ ಅದೇ ನೀಲಿ ಎಂದು ಯೋಚಿಸುತ್ತಿದ್ದೆ. ಒಬ್ಬ ಮನುಷ್ಯ ನನ್ನ ಕೈಯಲ್ಲಿ ಸಾಯುತ್ತಿದ್ದಾನೆ, ನನಗೆ ಎದೆ ಹೊಡೆದುಕೊಳ್ಳುತ್ತಿರಲಿಲ್ಲ.

ನಮ್ಮನ್ನು ಉಳಿಸಿದ್ದು ಬಲೆ. ನಾವು ಬಂದ ಟೆಂಪೊದಲ್ಲಿ ದಾರಿಯ ಊರಿಗೆ ಕೊಡಬೇಕಾಗಿದ್ದ ದಪ್ಪ ಹಗ್ಗದ ಬಲೆಯ ಗಂಟಿತ್ತು. ನನ್ನ ಹೆಂಡತಿಯ ತಮ್ಮ ಅದರ ಒಂದು ತುದಿಯನ್ನು ಬೇಲಿಯ ಕಲ್ಲುಕಂಬಕ್ಕೆ ಬಿಗಿದು, ಉಳಿದದ್ದನ್ನು ಬದಿಯ ಮೇಲೆ ಹರವಿ ನೀರಿಗೆ ಬಿಟ್ಟ. ಅದರ ಕಣ್ಣುಗಳಲ್ಲಿ ಬೆರಳು ತೂರಿಸಿ, ಕಾಲು ಸಿಕ್ಕಿಸಿ, ಸಾವ್ಕಾರರು ಮಂಡಿಯೂರಿ ಮೇಲೇರಿದರು. ಅವರ ಹಿಂದೆ ನಾನು.

ಅವರು ಬಹಳ ಹೊತ್ತು ನೆಲದ ಮೇಲೆ ಬಿದ್ದುಕೊಂಡಿದ್ದರು. ಬೈಯಲಿಲ್ಲ. ಎದ್ದು ಕೂತ ಮೇಲೆ ನನ್ನನ್ನೇ ನೋಡಿ ಕೇಳಿದರು: "ನೀವು ಕುಂತು ನೋಡೀನಿ ಅಂದಿದ್ರಲ್ಲ?"

ಕೂತಿದ್ದೆ.

ಬೀಳಗಿಗೆ ಮರಳುವಾಗ ಟೆಂಪೊ ಓಡಿಸುತ್ತ ನನ್ನ ಹೆಂಡತಿಯ ತಮ್ಮನೇ ಮಾತು ತೆಗೆದ. ಅಂದು ನಾನು ಹಿನ್ನೀರಿನಲ್ಲಿ ಸುತ್ತು ಹಾಕುವಾಗ ದಂಡೆಯಿಂದ ನೋಡಿದ್ದನಂತೆ, ಆಗ ಅದರ ಅರ್ಥ ಹೊಳೆದಿರಲಿಲ್ಲ. "ಮಾಮಾ, ನಿಮ್ಮ ಕಾಲು ನೇಯಾಕತ್ತಿದ್ವು. ದೋಣಿ ಬಲಕ್ಕ ವಾಲಿದ್ರ ಎಡಗಾಲು ತುಳೀತೀರಿ, ಎಡಕ್ಕ ವಾಲಿದ್ರ ಬಲಗಾಲು. ಮಗ್ಗದಾಗ ಕುಂತಂಗ. ನೀವು ಬೀಳೂದಿಲ್ಲ. ಆದ್ರ ಅವರಿಗೆ ಆ ಕಾಲಿಲ್ಲ."

ನನ್ನ ಕಾಲು ಏನು ಮಾಡುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಮಗ್ಗ ಬಿಟ್ಟರೂ ಅವು ಬಿಟ್ಟಿರಲಿಲ್ಲ. ಇನ್ನೊಂದನ್ನು ಅವನು ಹೇಳಲಿಲ್ಲ, ನಾನೇ ತಿಳಿದುಕೊಂಡೆ. ಬಿದ್ದರೆ ಬೀಳಲಿ ಎಂದು ಕೂತವನಿಗೆ ದೋಣಿ ಎಷ್ಟು ಅಲ್ಲಾಡಿತು ಎಂಬುದು ಹೇಗೆ ತಿಳಿದೀತು? ನಾನು ಛಲೋ ಐತಿ ಅಂದದ್ದು ದೋಣಿಯ ಗುಣ ನೋಡಿ ಅಲ್ಲ.

ಸಾವ್ಕಾರರು ಇನ್ನು ಬರುವುದಿಲ್ಲ ಅಂದುಕೊಂಡಿದ್ದೆವು. ಒಂದು ವಾರಕ್ಕೆ ಫೋನು ಬಂತು. ಆಸೆ ಬಿಟ್ಟಿಲ್ಲ, ಆದರೆ ಈ ಸಲ ಸರಿಯಾಗಿ ನೋಡಿ ಹೇಳಬೇಕು ಅಂದರು. ನನ್ನ ಹೆಂಡತಿಯ ತಮ್ಮನಿಗೆ ಈ ಧಂದೆಯೇ ಬೇಡ ಅನ್ನಿಸಿತ್ತು. ಎಲ್ಲವನ್ನೂ ಏಜೆಂಟನಿಗೆ ವಾಪಸು ಕಳಿಸೋಣ ಅಂದ. ಆಗ ನಾನು, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಆಯಿತು ಅನ್ನಲಿಲ್ಲ. ಮೂರನೆಯದರ ಗೋಣಿ ಬಿಚ್ಚು, ಈ ಸಲ ನಾನು ಸಾವ್ಕಾರರ ಹಾಗೆ ಕೂರುತ್ತೇನೆ ಅಂದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಇಲ್ಲಿ ಮಡಚಿದ ಕಾಲಿಗೆ ತಕ್ಕ ಹಾಸಿಗೆ ಹುಡುಕಬೇಕಿತ್ತು. ಹಿನ್ನೀರಿನಲ್ಲೇ, ಎದೆಮಟ್ಟ ನೀರಿದ್ದು ಮುಳ್ಳಿಲ್ಲದ ಒಂದು ಕಡೆ ಆರಿಸಿಕೊಂಡೆವು. ದೋಣಿಗೆ ದಂಡೆಯಿಂದ ಹಗ್ಗ. ಮೊದಲು ಆ ಸಪೂರದ್ದನ್ನೇ ಇಳಿಸಿ, ಎತ್ತರದ ಕುರ್ಚಿಯಲ್ಲಿ ಚಕ್ಕಳಬಕ್ಕಳ ಹಾಕಿ ಕೂತೆ. ಹುಟ್ಟು ಎತ್ತುವುದರೊಳಗೆ ನೀರಿನಲ್ಲಿದ್ದೆ. ಮತ್ತೆ ಕೂತೆ, ಮತ್ತೆ ಬಿದ್ದೆ. ತುಳಿಯಲು ಕಾಲಿಲ್ಲದೆ ನಾನು ಒಂದು ಮರಳಿನ ಚೀಲವಾಗಿದ್ದೆ.

ಅಗಲದ್ದಕ್ಕೆ ತಳ ಚಪ್ಪಟೆ, ಎರಡೂ ಬದಿ ತುಸು ಕೆಳಗಿಳಿದು ನಡುವೆ ಕಾಲುವೆಯ ಹಾಗೆ ತಗ್ಗು. ಅಗಲ ಮೂವತ್ತಾರು ಇಂಚು. ಅದರಲ್ಲೂ ಕುರ್ಚಿ ಎತ್ತರವೇ ಇತ್ತು. ಕುರ್ಚಿಯನ್ನು ಬಿಚ್ಚಿ ತೆಗೆದು, ತಳದ ಮೇಲೆ ಎರಡು ಬೆರಳು ದಪ್ಪದ ಫೋಮ್ ಹಾಸಿದೆವು. ಎತ್ತರ ಕೂತಷ್ಟು ಮೈ ಓಲಾಡುತ್ತದೆ, ತಗ್ಗಿ ಕೂತಷ್ಟು ನಿಲ್ಲುತ್ತದೆ, ಇದು ತೆಗ್ಗಿನಲ್ಲಿ ಕೂತವನಿಗೆ ಮೊದಲೇ ಹೊಳೆಯಬೇಕಿತ್ತು. ಮೇಲೆ ಬಿದ್ದ ನೀರು ಇಳಿದುಹೋಗಲೆಂದು ತಳದಲ್ಲಿ ತೂತುಗಳಿರುತ್ತವೆ. ನನ್ನ ತೂಕಕ್ಕೆ ದೋಣಿ ಕೆಳಗಿಳಿದು, ಅದೇ ತೂತುಗಳಿಂದ ನೀರು ಮೇಲೆ ಬಂದು ಧೋತರ ತೋಯಿಸಿತು. ಕೂರುವ ಜಾಗದವಕ್ಕೆ ರಬ್ಬರ್ ಬಿರಡೆ ಜಡಿದೆವು, ಹಿಂದಿನವನ್ನು ಬಿಟ್ಟೆವು. ಬದಿಯ ಚೀಟಿಯಲ್ಲಿ ಬರೆದ ತೂಕವನ್ನು ಈ ಸಲ ನಂಬಲಿಲ್ಲ. ಅದು ಮುಳುಗುವ ಅಂಚಿನ ಲೆಕ್ಕ. ಮನುಷ್ಯ, ಗಾಳ, ನೀರಿನ ಬಾಟಲಿ, ಬುತ್ತಿ ಎಲ್ಲ ಸೇರಿ ಅದರ ಮೂರರಲ್ಲಿ ಎರಡು ಪಾಲು ದಾಟಬಾರದು ಎಂದು ಇಟ್ಟುಕೊಂಡೆವು. ಒಂದೇ ಬದಿಗೆ ಮರಳಿನ ಚೀಲ ನೇತುಹಾಕಿ ನೋಡಿದೆವು, ಮೀನು ಎತ್ತಲು ಒಬ್ಬ ಬಾಗಿದರೆ ಎಷ್ಟು ವಾಲುತ್ತದೆ ಎಂದು. ಬೇಕೆಂದೇ ಬಿದ್ದೆ. ಹೊಟ್ಟೆಯನ್ನು ಅಡ್ಡ ಹಾಕಿ, ಕಾಲು ಬಡಿದು, ಮಗ್ಗುಲಾಗಿ ಮತ್ತೆ ಹತ್ತಲು ಆಗುತ್ತದೆಯೇ ಎಂದು. ಮೊದಲು ಆಗಲಿಲ್ಲ. ಬದಿಗೆ ಕಾಲಿಡಲು ಹಗ್ಗದ ಕುಣಿಕೆ ಕಟ್ಟಿದ ಮೇಲೆ ಆಯಿತು. ದೋಣಿ ನಿಧಾನ, ಎಮ್ಮೆಯ ಹಾಗೆ. ಸಾವ್ಕಾರರಿಗೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ.

ಉಳಿದದ್ದು ಒಂದೇ. ಏನೂ ಮಾಡದೆ, ಬಹಳ ಹೊತ್ತು, ಅವರು ಕೂರುವ ಹಾಗೆ ಕೂರುವುದು.

ಬೆಳಗಿನ ಹೊತ್ತು, ಗಾಳಿಯಿರಲಿಲ್ಲ. ಮುಳುಗಿದ ಜಾಲಿಯ ಒಣ ತಲೆಗಳ ಈಚೆಗೆ ದೋಣಿ ನಿಲ್ಲಿಸಿ, ಪಾದಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಕಾಲು ತುಳಿಯಲು ಹವಣಿಸಿದವು, ನಾನು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ನಿಂತವು. ಅವು ನಿಂತಾಗ ನಾನು ಕಿವಿಗೊಟ್ಟು ಕಾಯುತ್ತಿದ್ದೇನೆ ಎಂದು ನನಗೆ ಗೊತ್ತಾಯಿತು. ಕಾಲು ನಿಂತರೆ ಒಳಗಿನಿಂದ ಒಂದು ದನಿ ಕೇಳಬೇಕಲ್ಲ. ಎಳಿ ಹರೀತೇನು ಅಂತ. ನೀರಿನ ಮೇಲೆ ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಒಂದು ಸಣ್ಣ ಗಾಳಿ ಬಂದು ದೋಣಿ ವಾಲಿತು, ಇಷ್ಟೇ. ನನಗೆ ಅಂಜಿಕೆಯಾಯಿತು. ಎರಡೂ ಬದಿ ಗಟ್ಟಿಯಾಗಿ ಹಿಡಿದುಕೊಂಡೆ. ಬೀಳಬಾರದು ಅನ್ನಿಸಿತು. ಆಮೇಲೆ ಅತ್ತೆ. ದಂಡೆಯಲ್ಲಿದ್ದ ಅವಳ ತಮ್ಮ ಹಗ್ಗ ಎಳೆಯಲಿಲ್ಲ, ಕರೆಯಲೂ ಇಲ್ಲ. ಇಳಿಯುವಾಗ ಕಾಲಿಗೆ ಜೋಮು ಹಿಡಿದು ನಿಲ್ಲಲು ಬರಲಿಲ್ಲ, ಅವನ ಹೆಗಲು ಹಿಡಿದು ನಿಂತೆ. ರಕ್ತ ಇಳಿಯುವಾಗ ಸಾವಿರ ಸೂಜಿ ಚುಚ್ಚಿದ ಹಾಗೆ ನೋವು. ನಿಂತುಕೊಂಡೇ ತಡೆದುಕೊಂಡೆ.

ಸಾವ್ಕಾರರ ಎದೆಗೆ ಕೂಡುವ ಜಾಕೀಟು ಬರುವ ತನಕ ಅವರನ್ನು ನೀರಿಗೆ ಇಳಿಸಲಿಲ್ಲ. ಅವರು ಅವಸರ ಮಾಡಿದರು, ನಾನು ಜಗ್ಗಲಿಲ್ಲ. ಅದು ಬಂದ ರವಿವಾರ ಅವರೂ ಬಂದರು. ಬಕಲ್ ಮೂರೂ ಕೂಡಿದವು. ದೋಣಿಯ ಮುಂದೆ ನಿಂತು ಅದೇ ಪ್ರಶ್ನೆ ಕೇಳಿದರು, ಕುಂತು ನೋಡೀರೇನು ಎಂದು.

"ನೋಡೀನ್ರಿ. ಕಾಲು ಮಡಚಿ ಕುಂತೆ. ಅಂಜಿಕಿ ಬಂತು, ಆದ್ರ ದೋಣಿ ಬೀಳಲಿಲ್ಲ. ಅದಕ್ಕ ಹೇಳಾಕತ್ತೇನಿ, ಕುಂಡ್ರಿ."

ಅವರು ಕೂತರು. ಹುಟ್ಟು ಹಾಕುವುದು ಅಡ್ಡಾದಿಡ್ಡಿ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ, ಆದರೂ ಹೋದರು. ಹೋಗುತ್ತ ಜಾಲಿಯ ತಲೆಗಳ ಆಚೆ ಮರೆಯಾದರು. ಸ್ವಲ್ಪ ಹೊತ್ತು ಹುಟ್ಟು ನೀರಿಗೆ ಬೀಳುವ ಸದ್ದು ಕೇಳುತ್ತಿತ್ತು. ಆಮೇಲೆ ಅದು ನಿಂತಿತು.

ನಾನು ದಂಡೆಯ ಅಂಚಿಗೆ, ಮಂಡಿಯವರೆಗೆ ನೀರಿನಲ್ಲಿ ನಿಂತು ಕಾದೆ. ಏನೂ ಕೇಳಲಿಲ್ಲ. ಎದೆ ಹೊಡೆದುಕೊಳ್ಳತೊಡಗಿತು. ನನ್ನ ಬಾಯಿಂದ ತಾನೇ ಬಂತು, ಕೂಗಿದೆ:

"ಯಾಕ್ರಿ ಸಾವ್ಕಾರ್ರ, ದಾರ ಹರೀತೇನ್ರಿ?"

ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದ ನನ್ನ ಹೆಂಡತಿಯ ತಮ್ಮ ಸುತ್ತುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ಅಕ್ಕನ ಮನೆಗೆ ಬಂದಾಗಲೆಲ್ಲ ಅವನು ಆ ಮಾತು ಕೇಳಿದ್ದ. ಅಷ್ಟು ವರ್ಷ ಅವಳು ಎಳೆಯ ಸಲುವಾಗಿ ಕೇಳುತ್ತಾಳೆ ಅಂದುಕೊಂಡಿದ್ದೆ. ಎಳೆ ಹರಿದರೆ ಅವಳಿಗೇನು? ಸದ್ದು ನಿಂತಾಗ ಅವಳಿಗೆ ನನ್ನ ದನಿ ಬೇಕಾಗಿತ್ತು, ಅಷ್ಟೇ.

ಜಾಲಿಯ ಆಚೆಯಿಂದ ಉತ್ತರ ಬಂತು, ನಿದ್ದೆಯಿಂದ ಎದ್ದವರ ಹಾಗೆ.

"ಇಲ್ರಿ, ಸುಮ್ಮ ಕುಂತೇನಿ."

"ಕುಂಡ್ರಿ" ಅಂದೆ. "ನಾ ಇಲ್ಲೇ ಅದೇನಿ."